ನಂಬಿಕೆಯನ್ನು ಕಾಗದಕ್ಕೆ ಇಳಿಸುವಾಗ: ಜೊತೆಗೆ ಕಲಿಯುವವರಿಗೆ ಒಂದು ಟಿಪ್ಪಣಿ

"ನೀನು ಏನನ್ನು ನಂಬುತ್ತೀಯ? ಒಂದು ಪುಟದಲ್ಲಿ ಬರೆದು ತಾ." ನಮ್ಮ ಸತ್ಯವೇದ (ಬೈಬಲ್) ಅಧ್ಯಯನದ ಗುಂಪಿನಲ್ಲಿ ಕೊಟ್ಟ ಕೆಲಸ ಇಷ್ಟೇ. ಸುಲಭ ಅನ್ನಿಸಿತು. ಚಿಕ್ಕಂದಿನಿಂದ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದವನು ನಾನು, ಇಷ್ಟೂ ಗೊತ್ತಿರಲ್ವಾ ಅಂದುಕೊಂಡೆ. ಕೂತು ಹನ್ನೊಂದು ಪುಟ ಬರೆದೆ. ಸೃಷ್ಟಿ, ಪಾಪ, ಶಿಲುಬೆ, ಪುನರುತ್ಥಾನ, ಸಭೆ, ಕಡೇ ದಿನಗಳು, ಎಲ್ಲವೂ ಇತ್ತು. ಗುಂಪಿನ ಹಿರಿಯರೊಬ್ಬರು ನಿಧಾನವಾಗಿ ಓದಿ ಮುಗಿಸಿ, "ಎಲ್ಲಾ ಸರಿಯಾಗಿದೆ ಕಣಪ್ಪಾ. ಆದರೆ ಇದರಲ್ಲಿ ನೀನೆಲ್ಲಿದ್ದೀಯ?" ಅಂದರು.

ಆ ಪ್ರಶ್ನೆಯಿಂದ ಈ ಟಿಪ್ಪಣಿ ಹುಟ್ಟಿತು. ನಾನು ಪಂಡಿತನಲ್ಲ. ಇದೇ ಕೆಲಸಕ್ಕೆ ಕೈ ಹಾಕಿರುವವರಿಗೆ ಉಪಯೋಗವಾಗಲಿ ಅಂತ, ಓದಿ ತಿಳಿದದ್ದನ್ನೂ ಬರೆಯುತ್ತಾ ಎಡವಿದ್ದನ್ನೂ ಒಟ್ಟಿಗೆ ಇಡುತ್ತಿದ್ದೇನೆ.

ಮೊದಲು "ನಂಬು" ಅನ್ನುವ ಪದ

ಕನ್ನಡದಲ್ಲಿ ಈ ಒಂದು ಕ್ರಿಯಾಪದ ಮೂರು ಬೇರೆ ಕೆಲಸ ಮಾಡುತ್ತದೆ. ಗಮನಿಸಿ.

ದೇವರು ಇದ್ದಾನೆ ಎಂದು ನಂಬುತ್ತೇನೆ. ದೇವರ ಮಾತನ್ನು ನಂಬುತ್ತೇನೆ. ದೇವರನ್ನು ನಂಬಿದ್ದೇನೆ.

ಮೊದಲನೆಯದು ಒಂದು ಸಂಗತಿ ನಿಜ ಅನ್ನುವ ಒಪ್ಪಿಗೆ. ಎರಡನೆಯದು ಹೇಳಿದವನ ಮಾತು ಸುಳ್ಳಲ್ಲ ಅನ್ನುವುದು. ಮೂರನೆಯದೇ ಬೇರೆ. "ನಿನ್ನನ್ನೇ ನಂಬಿ ಬಂದಿದ್ದೇನೆ" ಅಂತ ಯಾರಾದರೂ ಹೇಳಿದರೆ ಅದು ಅಭಿಪ್ರಾಯವಲ್ಲ. ಆ ಮನುಷ್ಯ ತನ್ನ ಭಾರವನ್ನೆಲ್ಲ ತಂದು ಇಳಿಸಿದ್ದಾನೆ ಅಂತ ಅರ್ಥ. ಲ್ಯಾಟಿನ್‌ನಲ್ಲಿ ಬರೆದ ಹಳೆಯ ಕಾಲದ ಬಿಷಪ್ ಅಗಸ್ಟೀನ್ ಕೂಡ ಹೆಚ್ಚುಕಡಿಮೆ ಇದೇ ವ್ಯತ್ಯಾಸವನ್ನು ತೋರಿಸಿದ್ದಾನೆ. ಯಾಕೋಬನ ಪತ್ರ 2:19 ಇದನ್ನು ಚುಚ್ಚುವಂತೆ ಹೇಳುತ್ತದೆ: ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ. ಅಂದರೆ ಮೊದಲ ಬಗೆಯ ನಂಬಿಕೆಯಲ್ಲಿ ದೆವ್ವಗಳಿಗೂ ಪೂರ್ತಿ ಅಂಕ ಸಿಗುತ್ತದೆ.

ನನ್ನ ಹನ್ನೊಂದು ಪುಟದಲ್ಲಿ ಇದ್ದದ್ದೆಲ್ಲ "ಎಂದು ನಂಬುತ್ತೇನೆ". "ನಂಬಿದ್ದೇನೆ" ಒಂದು ಕಡೆಯೂ ಇರಲಿಲ್ಲ.

ಇನ್ನೊಂದು ಪದ "ಅರಿಕೆ". ನಮ್ಮ ಹಳೆಯ ಸತ್ಯವೇದ ಭಾಷಾಂತರದಲ್ಲಿ ಪಾಪವನ್ನೂ ಅರಿಕೆ ಮಾಡುತ್ತಾರೆ, ಯೇಸು ಕರ್ತನೆಂದೂ ಅರಿಕೆ ಮಾಡುತ್ತಾರೆ. ಎರಡಕ್ಕೂ ಒಂದೇ ಪದ ಯಾಕೆ ಅಂತ ಮೊದಲು ಗೊಂದಲವಾಗಿತ್ತು. ಈಗ ಅದು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಎರಡರಲ್ಲೂ ಒಳಗಿರುವುದನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಮೂರನೆಯದು "ಸಾಕ್ಷಿ". ಸಭೆಯಲ್ಲಿ ಸಾಕ್ಷಿ ಹೇಳುವುದು ನಮಗೆಲ್ಲ ಗೊತ್ತು. ಕಾಯಿಲೆ ಬಿದ್ದಿದ್ದೆ, ಪ್ರಾರ್ಥಿಸಿದೆ, ಎದ್ದೆ. ಇದು ನನಗೆ ಆದದ್ದು. ನಂಬಿಕೆಯ ಅರಿಕೆ ಬೇರೆ. ನನಗೆ ಏನೂ ಆಗದಿದ್ದರೂ, ನಾನು ಏಳದೇ ಹೋದರೂ, ಯಾವುದು ನಿಜವಾಗಿಯೇ ಉಳಿಯುತ್ತದೆ ಅನ್ನುವುದು ಅದರ ವಿಷಯ. ಬರೆಯುವಾಗ ಇವೆರಡು ಬಹಳ ಬೇಗ ಬೆರೆತುಹೋಗುತ್ತವೆ. ಎರಡೂ ಬೇಕು. ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ ಅನ್ನುವುದು ನನ್ನ ಸಲಹೆ.

ಮೊದಲು ಹುಟ್ಟಿದ್ದು ಚಿಕ್ಕ ಸಾಲು

ವಿಶ್ವಾಸ ಪ್ರಮಾಣ (ಸಭೆ ಒಟ್ಟಿಗೆ ಹೇಳುವ ನಂಬಿಕೆಯ ಮಾತು) ಅಂದ ಕೂಡಲೇ ನಮಗೆ ಉದ್ದದ ಪಾಠ ನೆನಪಾಗುತ್ತದೆ. ಹೊಸ ಒಡಂಬಡಿಕೆಯಲ್ಲಿ ಹುಡುಕಿದರೆ ಸಿಗುವುದು ತುಂಬಾ ಸಣ್ಣ ಸಾಲುಗಳು. ಯೇಸುವೇ ಕರ್ತನು. ರೋಮಾಪುರದವರಿಗೆ 10:9ರಲ್ಲಿ, 1 ಕೊರಿಂಥ 12:3ರಲ್ಲಿ ಇದೇ ಮಾತಿದೆ. ಅದಕ್ಕಿಂತ ಹಿಂದೆ ಇಸ್ರಾಯೇಲರು ದಿನವೂ ಹೇಳುತ್ತಿದ್ದ ಧರ್ಮೋಪದೇಶಕಾಂಡ 6:4, ಯೆಹೋವನು ಒಬ್ಬನೇ ಅನ್ನುವುದು. ಒಂದೇ ಉಸಿರಿಗೆ ಹೇಳಿಬಿಡಬಹುದು.

ಸ್ವಲ್ಪ ಉದ್ದದ್ದು ಬೇಕಿದ್ದರೆ 1 ಕೊರಿಂಥ 15:3-5. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎದ್ದನು, ಕೇಫನಿಗೆ (ಅಂದರೆ ಪೇತ್ರನಿಗೆ) ಕಾಣಿಸಿಕೊಂಡನು, ಆಮೇಲೆ ಹನ್ನೆರಡು ಮಂದಿ ಶಿಷ್ಯರಿಗೆ. ಪೌಲ ಈ ಪತ್ರ ಬರೆದದ್ದು ಕ್ರಿ.ಶ. 55ರ ಸುಮಾರಿಗೆ. ಆದರೆ ಈ ಸಾಲುಗಳು ತನ್ನವಲ್ಲ ಅಂತ ಅವನೇ ಹೇಳುತ್ತಾನೆ. ನಾನು ಹೊಂದಿದ್ದನ್ನೇ ನಿಮಗೆ ಒಪ್ಪಿಸಿದೆ ಅನ್ನುತ್ತಾನೆ. ಅಂದರೆ ಪೌಲನ ಕೈಗೆ ಬರುವಾಗಲೇ ಇದು ಬಾಯಿಪಾಠದ ಮಾತಾಗಿತ್ತು.

ಇಲ್ಲಿ ನನಗೆ ಒಂದು ಧೈರ್ಯ ಸಿಕ್ಕಿತು. "ಸ್ವಂತ ನಂಬಿಕೆ" ಅಂದರೆ ಹೊಸದಾಗಿ ಹುಟ್ಟಿಸಿದ ನಂಬಿಕೆ ಅಂದುಕೊಂಡು ನಾನು ಒದ್ದಾಡುತ್ತಿದ್ದೆ. ಪೌಲನಂಥವನೇ ಬೇರೆಯವರಿಂದ ಪಡೆದ ಸಾಲುಗಳಲ್ಲಿ ಮಾತಾಡುತ್ತಾನೆ. ಆದರೆ ಆ ಪಟ್ಟಿಯ ಕೊನೆಗೆ, 8ನೆಯ ವಚನದಲ್ಲಿ, ಒಂದು ಸಾಲು ತನ್ನದನ್ನು ಸೇರಿಸುತ್ತಾನೆ: ಕಟ್ಟಕಡೆಗೆ ನನಗೂ ಕಾಣಿಸಿಕೊಂಡನು. ಪಡೆದದ್ದು ನಾಲ್ಕಾರು ಸಾಲು, ಆಮೇಲೆ ಆ "ನನಗೂ". ಈ ಅಳತೆ ನನಗೆ ಹಿಡಿಸಿತು.

ಆಮೇಲೆ ದೀಕ್ಷಾಸ್ನಾನದ ಪ್ರಶ್ನೆಗಳು ಬಂದವು. ಆದಿ ಸಭೆಯಲ್ಲಿ ನೀರಿಗೆ ಇಳಿದವರನ್ನು ಮೂರು ಸಲ ಕೇಳುತ್ತಿದ್ದರು: ತಂದೆಯನ್ನು ನಂಬುತ್ತೀಯಾ, ಮಗನನ್ನು ನಂಬುತ್ತೀಯಾ, ಪವಿತ್ರಾತ್ಮನನ್ನು ನಂಬುತ್ತೀಯಾ. ಪ್ರತಿ ಸಲ "ನಂಬುತ್ತೇನೆ" ಅಂದಾಗ ಒಮ್ಮೆ ಮುಳುಗು. ನಾವು ಇವತ್ತು ಹೇಳುವ, ಅಪೊಸ್ತಲರ (ಯೇಸುವಿನ ಮೊದಲ ಶಿಷ್ಯರ) ಹೆಸರಿನ ವಿಶ್ವಾಸ ಪ್ರಮಾಣದ ಮೂರು ಭಾಗಗಳ ಮೂಲ ಈ ಮೂರು ಪ್ರಶ್ನೆಗಳೇ. ಅದು ಪರೀಕ್ಷೆಯ ಉತ್ತರಪತ್ರಿಕೆಯಾಗಿರಲಿಲ್ಲ. ಒದ್ದೆಯಾಗಿ ನಿಂತವನ ಉತ್ತರವಾಗಿತ್ತು.

ಅಪೊಸ್ತಲರು ಕೂಡಿ ಕೂತು ಈ ಪ್ರಮಾಣವನ್ನು ರಚಿಸಿದರು ಅನ್ನುವ ಕಥೆ ಹಳೆಯದು. ಸುಮಾರು 400ರಲ್ಲಿ ಇಟಲಿಯ ಅಕ್ವಿಲೇಯ ಊರಿನ ರೂಫಿನಸ್ ಅದನ್ನು ಬರೆದಿಟ್ಟಿದ್ದಾನೆ. ಒಬ್ಬೊಬ್ಬ ಅಪೊಸ್ತಲ ಒಂದೊಂದು ಸಾಲು ಹೇಳಿದ ಅಂತ ಆಮೇಲೆ ಬಣ್ಣ ಹಚ್ಚಿದರು. ಕಥೆ ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ರೋಮ್ ಸಭೆಯ ಹಳೆಯ, ಚಿಕ್ಕ ಪಾಠವೊಂದು ನಿಧಾನವಾಗಿ ಬೆಳೆಯಿತು. ಈಗ ನಾವು ಹೇಳುವ ರೂಪ ಸಿಗುವುದು 8ನೇ ಶತಮಾನದ ಹೊತ್ತಿಗೆ. "ಪರಲೋಕ ಭೂಲೋಕಗಳನ್ನು ಉಂಟುಮಾಡಿದ" ಅನ್ನುವುದು ಹಳೆಯ ರೋಮನ್ ಪಾಠದಲ್ಲಿ ಇರಲಿಲ್ಲ. ಕ್ರಿಸ್ತನು ಪಾತಾಳಕ್ಕೆ ಇಳಿದನು ಅನ್ನುವ ಸಾಲೂ ಇರಲಿಲ್ಲ. ರೂಫಿನಸ್ಸೇ ಅದನ್ನು ಗಮನಿಸಿದ್ದಾನೆ, ರೋಮ್‌ನಲ್ಲಿ ಈ ಸಾಲಿಲ್ಲ, ನಮ್ಮ ಅಕ್ವಿಲೇಯದಲ್ಲಿ ಇದೆ ಅಂತ.

ಒಂದು ತಮಾಷೆಯ ಸಂಗತಿ. ನಾವು ನಂಬಿಕೆಯನ್ನು ಬರೆದಿಡಲು ಕೂತಿದ್ದೇವೆ. ಅಗಸ್ಟೀನ್ ದೀಕ್ಷಾಸ್ನಾನಕ್ಕೆ ತಯಾರಾಗುತ್ತಿದ್ದವರಿಗೆ ಹೇಳಿದ್ದು ಇದಕ್ಕೆ ಪೂರ್ತಿ ತಿರುಗಾಮುರುಗಾ. ವಿಶ್ವಾಸ ಪ್ರಮಾಣವನ್ನು ಬರೆದುಕೊಳ್ಳಬೇಡಿ, ಕೇಳಿ ಕಲಿಯಿರಿ, ಕಲಿತ ಮೇಲೂ ಬರೆಯಬೇಡಿ, ಎದೆಯಲ್ಲಿ ಇಟ್ಟುಕೊಳ್ಳಿ ಅನ್ನುತ್ತಿದ್ದ. ನಾನು ಇದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇನೆ!

ಒಂದು ಪದಕ್ಕೆ ಸಹಿ ಹಾಕುವ ಕಷ್ಟ

ನೈಸಿಯದಲ್ಲಿ ಬಿಷಪ್ಪರ ಮಹಾಸಭೆ ನಡೆದದ್ದು 325ರಲ್ಲಿ, ಇವತ್ತಿನ ಟರ್ಕಿಯಲ್ಲಿ. ಕರೆಸಿದವನು ಚಕ್ರವರ್ತಿ ಕಾನ್‌ಸ್ಟಂಟೈನ್. ಅಲೆಕ್ಸಾಂಡ್ರಿಯದ ಸಭೆಯ ಹಿರಿಯ ಅರಿಯಸ್‌ನ ವಾದ ಏನೆಂದರೆ, ಮಗನು ಎಷ್ಟೇ ದೊಡ್ಡವನಾದರೂ ಸೃಷ್ಟಿಯಾದವನು, ಅವನು ಇಲ್ಲದಿದ್ದ ಒಂದು ಹೊತ್ತಿತ್ತು. ಇದಕ್ಕೆ ಉತ್ತರವಾಗಿ ಬಿಷಪ್ಪರು ಬಳಸಿದ ಪದ ಗ್ರೀಕಿನ "ಹೋಮೋಊಸಿಯೋಸ್". ತಂದೆಯೂ ಮಗನೂ ಒಂದೇ ಸ್ವರೂಪದವರು, ಇರುವಿಕೆಯಲ್ಲೇ ಒಂದು ಅನ್ನುವ ಅರ್ಥ. ತೊಂದರೆ ಏನೆಂದರೆ ಈ ಪದ ಸತ್ಯವೇದದಲ್ಲಿ ಎಲ್ಲೂ ಇಲ್ಲ. ಅರಿಯಸ್‌ನನ್ನು ಒಪ್ಪದವರಲ್ಲೂ ಕೆಲವರಿಗೆ ಇದರಿಂದ ಕಸಿವಿಸಿಯಾಯಿತು.

ಹಾಗಾದರೆ ಯಾಕೆ ಬಳಸಿದರು? ಸತ್ಯವೇದದ ಪದಗಳನ್ನಷ್ಟೇ ಬಳಸಿದಾಗ ಎರಡೂ ಕಡೆಯವರು ಅದೇ ಪದವನ್ನು ತಮ್ಮ ತಮ್ಮ ಅರ್ಥದಲ್ಲಿ ಹೇಳಿಕೊಂಡು ತಲೆಯಾಡಿಸುತ್ತಿದ್ದರು. ಜಾರಿಕೊಳ್ಳಲು ಆಗದ ಒಂದು ಪದ ಬೇಕಿತ್ತು. ಇದು ನಮ್ಮ ಬರವಣಿಗೆಗೂ ಪಾಠ. "ದೇವರು ಪ್ರೀತಿಯಾಗಿದ್ದಾನೆ" ಅಂತ ಬರೆದರೆ ಯಾರೂ ಬೇಡ ಅನ್ನುವುದಿಲ್ಲ. ಅದರಿಂದ ನಾನು ಏನನ್ನು ಅಲ್ಲಗಳೆಯುತ್ತಿದ್ದೇನೆ ಅಂತ ಕೇಳಿಕೊಂಡಾಗ ಸಾಲಿಗೆ ಅಂಚು ಬರುತ್ತದೆ.

ನೈಸಿಯದಲ್ಲಿ ನನಗೆ ಹತ್ತಿರದವನು ಕೈಸರಿಯದ ಬಿಷಪ್ ಯೂಸೇಬಿಯಸ್. ಆ ಪದಕ್ಕೆ ಅವನು ಮೊದಲು ಹಿಂದೇಟು ಹಾಕಿದ, ಆಮೇಲೆ ಸಹಿ ಹಾಕಿದ. ಹಾಕಿದವನು ಸುಮ್ಮನಿರಲಿಲ್ಲ. ಯಾವ ಅರ್ಥದಲ್ಲಿ ಒಪ್ಪಿದೆ, ಯಾವ ಅರ್ಥದಲ್ಲಿ ಒಪ್ಪಿಲ್ಲ ಅಂತ ತನ್ನ ಸಭೆಗೆ ಪತ್ರ ಬರೆದ. ಆಮೇಲೆ ಅಲೆಕ್ಸಾಂಡ್ರಿಯದ ಬಿಷಪ್ ಆದ ಅತನೇಶಿಯಸ್‌ಗೆ ಇದು ಹಿಡಿಸಲಿಲ್ಲ, ಹಿಂದಿನ ದಿನದವರೆಗೂ ಒಪ್ಪದವನು ಇವನು ಅಂತ ಕುಟುಕಿದ್ದಾನೆ. ಅತನೇಶಿಯಸ್ ಮಾತಾಡುವ ಹಕ್ಕು ಗಳಿಸಿದವನು, ಇದೇ ಪದಕ್ಕಾಗಿ ಆಮೇಲೆ ಐದು ಸಲ ಗಡೀಪಾರಾದ. ಆದರೂ ಯೂಸೇಬಿಯಸ್‌ನ ಪತ್ರ ನನಗೆ ಪ್ರಾಮಾಣಿಕ ಕೆಲಸ ಅನ್ನಿಸುತ್ತದೆ. ಸಹಿ ಹಾಕುವಾಗ ಕೈ ಎಲ್ಲಿ ತಡೆಯಿತು ಅಂತ ಎಷ್ಟು ಜನ ಹೇಳುತ್ತಾರೆ?

325ರ ಪಾಠದಲ್ಲಿ ಪವಿತ್ರಾತ್ಮನ ಬಗ್ಗೆ ಇದ್ದದ್ದು ಅರ್ಧ ಸಾಲು: ಪವಿತ್ರಾತ್ಮನನ್ನೂ ನಂಬುತ್ತೇವೆ. ಅಷ್ಟೇ. ಜೀವ ಕೊಡುವವನು, ಪ್ರವಾದಿಗಳ ಮೂಲಕ ಮಾತಾಡಿದವನು ಅಂತ ನಾವು ಈಗ ಹೇಳುವ ಭಾಗವೆಲ್ಲ 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯದು. 56 ವರ್ಷ ಆ ಸಾಲು ಅರ್ಧಕ್ಕೇ ನಿಂತಿತ್ತು. ನನ್ನ ಪುಟದಲ್ಲಿ ಒಂದು ಸಾಲು ಅರ್ಧಕ್ಕೆ ನಿಂತರೆ ಗಾಬರಿ ಬೇಡ ಅಂತ ಇದನ್ನು ಓದಿದಾಗ ಅಂದುಕೊಂಡೆ.

ಮತ್ತೆ ಆ ಪವಿತ್ರಾತ್ಮನ ಸಾಲಿನಲ್ಲೇ ದೊಡ್ಡ ಜಗಳವೂ ಹುಟ್ಟಿತು. ಆತನು ತಂದೆಯಿಂದ ಹೊರಡುತ್ತಾನೆ ಅಂತ ಮೂಲ ಪಾಠ. ಪಶ್ಚಿಮ ಯೂರೋಪಿನ ಸಭೆಗಳವರು "ಮಗನಿಂದಲೂ" ಅಂತ ಸೇರಿಸಿದರು. ಪೂರ್ವದ ಆರ್ಥೊಡಾಕ್ಸ್ ಸಭೆಗಳವರು ಇವತ್ತಿಗೂ ಒಪ್ಪಿಲ್ಲ. ಲ್ಯಾಟಿನ್‌ನಲ್ಲಿ ಅದು ಒಂದೇ ಒಂದು ಪದ. ಪೋಪ್ ಮೂರನೆಯ ಲಿಯೋ ಅರ್ಥವನ್ನು ಒಪ್ಪಿದರೂ ಸೇರಿಸುವುದನ್ನು ಒಪ್ಪಲಿಲ್ಲ, ಆ ಪದವಿಲ್ಲದ ಹಳೆಯ ಪಾಠವನ್ನೇ ಬೆಳ್ಳಿಯ ಫಲಕಗಳಲ್ಲಿ ಕೆತ್ತಿಸಿ ಇಡಿಸಿದ. ಎರಡು ಶತಮಾನ ಕಳೆದ ಮೇಲೆ ರೋಮ್ ಕೂಡ ಸೇರಿಸಿಕೊಂಡಿತು.

ಆಮೇಲಿನವರು

ಇದನ್ನು ಬೇಗ ಮುಗಿಸುತ್ತೇನೆ. ಪ್ರೊಟೆಸ್ಟಂಟ್ ಸಭೆಗಳು ಬೇರೆಯಾದ ಸುಧಾರಣೆಯ ಕಾಲದಲ್ಲಿ ಅರಿಕೆಗಳು ಉದ್ದವಾದವು. 1530ರ ಆಗ್ಸ್‌ಬರ್ಗ್ ಅರಿಕೆಯಲ್ಲಿ 28 ವಿಧಿ, 1646ರ ವೆಸ್ಟ್‌ಮಿನ್‌ಸ್ಟರ್ ಅರಿಕೆಯಲ್ಲಿ 33 ಅಧ್ಯಾಯ. ಇವು ಸಭೆಗಳಿಗೆ ಬೇಕಾದವು. ಒಬ್ಬರ ಪುಟಕ್ಕೆ ಮಾದರಿಯಾಗಿ ಇಟ್ಟುಕೊಂಡರೆ ನನ್ನ ಹಾಗೆ ಹನ್ನೊಂದು ಪುಟ ಆಗುತ್ತದೆ.

ಒಬ್ಬರಿಗೆ ನೆರವಾಗುವುದು 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರ. 129 ಪ್ರಶ್ನೆ, ವರ್ಷದ 52 ಭಾನುವಾರಕ್ಕೆ ಹಂಚಿದ್ದಾರೆ. ಮೊದಲ ಪ್ರಶ್ನೆ ದೇವರು ಯಾರು ಅಂತ ಅಲ್ಲ. ಬದುಕಿನಲ್ಲೂ ಸಾವಿನಲ್ಲೂ ನಿನಗಿರುವ ಒಂದೇ ಆದರಣೆ ಯಾವುದು ಅಂತ. ಉತ್ತರದ ಶುರುವೇ ನಾನು ನನ್ನವನಲ್ಲ, ಯೇಸು ಕ್ರಿಸ್ತನವನು ಅನ್ನುವುದು. "ನಂಬಿದ್ದೇನೆ" ಅನ್ನುವ ಮೂರನೆಯ ಬಗೆ ಅಂದೆನಲ್ಲ, ಅದು ಇಲ್ಲಿ ಬಾಗಿಲಲ್ಲೇ ನಿಂತಿದೆ.

ಇನ್ನೊಂದು 1934ರ ಬಾರ್ಮೆನ್ ಘೋಷಣೆ. ಹಿಟ್ಲರ್‌ನ ಆಡಳಿತ ಜರ್ಮನಿಯ ಸಭೆಗಳನ್ನು ತನ್ನ ಹಿಡಿತಕ್ಕೆ ತರುತ್ತಿದ್ದಾಗ ಬರೆದದ್ದು, ಹೆಚ್ಚಾಗಿ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ಟ್ ಕೈಯಿಂದ. ಆರೇ ಆರು ವಿಧಿ. ಪ್ರತಿಯೊಂದರಲ್ಲೂ ಮೊದಲು ಸತ್ಯವೇದದ ಮಾತು, ಆಮೇಲೆ ನಾವು ನಂಬುವುದು ಇದು, ಕೊನೆಗೆ ಆದ್ದರಿಂದ ಇದನ್ನು ತಳ್ಳಿಹಾಕುತ್ತೇವೆ. ನಾನು ಎರಡನೆಯ ಸಲ ಬರೆಯುವಾಗ ಈ ಕೊನೆಯ ಭಾಗವನ್ನು ಪ್ರಯತ್ನಿಸಿದೆ. ಪ್ರತಿ ಸಾಲಿನ ಕೆಳಗೆ "ಆದ್ದರಿಂದ ನಾನು ಇದನ್ನು ಒಪ್ಪಲಾರೆ" ಅಂತ ಒಂದು ಸಾಲು. ಅರ್ಧಕ್ಕರ್ಧ ಸಾಲುಗಳ ಕೆಳಗೆ ಬರೆಯಲು ಏನೂ ಸಿಗಲಿಲ್ಲ. ಅಂಥ ಸಾಲುಗಳನ್ನು ನಾನು ನಂಬುತ್ತಿದ್ದೆನೋ ಸುಮ್ನೆ ಹೇಳುತ್ತಿದ್ದೆನೋ?

ಎಲ್ಲ ಸಭೆಗಳೂ ಇಂಥ ಪಾಠ ಇಟ್ಟುಕೊಂಡಿಲ್ಲ ಅನ್ನುವುದೂ ಗೊತ್ತಿರಲಿ. ಕ್ವೇಕರರು ಅನ್ನುವ ಪಂಗಡದವರು ಬೇಡ ಅಂದರು. ಬ್ಯಾಪ್ಟಿಸ್ಟರಲ್ಲಿ ಬಹಳ ಮಂದಿಗೆ ಮನುಷ್ಯರು ಬರೆದ ಪ್ರಮಾಣಗಳ ಬಗ್ಗೆ ಅನುಮಾನ, ಆದರೂ ಅವರೇ ಉದ್ದುದ್ದದ ಅರಿಕೆಗಳನ್ನೂ ಬರೆದಿದ್ದಾರೆ. ಕ್ರಿಸ್ತನ ಹೊರತು ಬೇರೆ ಪ್ರಮಾಣವಿಲ್ಲ ಅನ್ನುವವರೂ ಇದ್ದಾರೆ. ಅದೂ ಒಂದು ಪ್ರಮಾಣವೇ ಅಲ್ವಾ, ಸ್ವಲ್ಪ ಚಿಕ್ಕದು.

ಬಿಟ್ಟುಹೋದ ಮೂವತ್ತು ವರ್ಷ

ಅಪೊಸ್ತಲರ ಪ್ರಮಾಣವನ್ನು ಒಮ್ಮೆ ನಿಧಾನವಾಗಿ ಓದಿ. ಕನ್ಯೆ ಮರಿಯಳಲ್ಲಿ ಹುಟ್ಟಿದನು, ಪೊಂತ್ಯ ಪಿಲಾತನ ಕಾಲದಲ್ಲಿ ಬಾಧೆಪಟ್ಟನು. ನಡುವೆ ಏನೂ ಇಲ್ಲ! ಬೆಟ್ಟದ ಮೇಲಿನ ಪ್ರಸಂಗವಿಲ್ಲ, ಸಾಮ್ಯದ ಕಥೆಗಳಿಲ್ಲ, ಕುಷ್ಠರೋಗಿಗಳನ್ನು ಮುಟ್ಟಿದ್ದಿಲ್ಲ, ಸುಂಕದವರ ಜೊತೆ ಊಟಕ್ಕೆ ಕೂತದ್ದಿಲ್ಲ. ವೈರಿಗಳನ್ನು ಪ್ರೀತಿಸಿ ಅನ್ನುವ ಮಾತಿಲ್ಲ. ಪ್ರೀತಿ ಅನ್ನುವ ಪದವೇ ಇಲ್ಲ.

ಇದಕ್ಕೆ ಕಾರಣ ಇದೆ. ಜಗಳ ಎದ್ದ ಜಾಗದಲ್ಲಿ ಪ್ರಮಾಣಗಳು ಬೇಲಿ ಹಾಕುತ್ತವೆ. ಯೇಸು ನಿಜವಾಗಿ ಹುಟ್ಟಿದನೇ, ನಿಜವಾಗಿ ಸತ್ತನೇ ಅಂತ ಅನುಮಾನಪಟ್ಟವರಿದ್ದರು. ಅದಕ್ಕೆ ಹುಟ್ಟು, ಸಾವು, ಸಮಾಧಿ ಎಲ್ಲವನ್ನೂ ಮೊಳೆ ಹೊಡೆದ ಹಾಗೆ ಹೇಳಿದ್ದಾರೆ. ಪಿಲಾತನ ಹೆಸರು ಬಂದಿರುವುದೂ ಅದಕ್ಕೇ. ಅವನು 26ರಿಂದ 36ರವರೆಗೆ ಯೂದಾಯದ ಅಧಿಪತಿ. ಒಬ್ಬ ಅಧಿಕಾರಿಯ ಹೆಸರು ಹಾಕಿದ ಕೂಡಲೇ ಕಥೆಗೆ ತಾರೀಖು ಬಿದ್ದ ಹಾಗಾಯಿತು. ಒಂದಾನೊಂದು ಕಾಲದಲ್ಲಿ ಅನ್ನುವ ಹಾಗಿಲ್ಲ.

ಆದರೆ ನಮ್ಮ ಪುಟದಲ್ಲಿ ಆ ಜಾಗ ಖಾಲಿ ಬಿಡಬೇಕಾಗಿಲ್ಲ. ಸ್ವಂತ ಅರಿಕೆಯ ದೊಡ್ಡ ಅನುಕೂಲ ಇದೇ ಅಂತ ನನಗನ್ನಿಸುತ್ತದೆ. ಆ ನಡುವಿನ ವರ್ಷಗಳಲ್ಲಿ ಯೇಸು ಮಾಡಿದ್ದರಲ್ಲಿ, ಹೇಳಿದ್ದರಲ್ಲಿ, ನಾನು ಯಾವುದನ್ನು ಹಿಡಿದುಕೊಂಡಿದ್ದೇನೆ? ಗುಂಪಿನಲ್ಲಿ ಈ ಪ್ರಶ್ನೆ ಕೇಳಿದಾಗ ಒಬ್ಬಳು ಕಲ್ಲೆಸೆಯಲು ಬಂದವರ ಮುಂದೆ ಯೇಸು ಬೊಗ್ಗಿ ನೆಲದ ಮೇಲೆ ಬರೆದದ್ದನ್ನು ಹೇಳಿದಳು. ಇನ್ನೊಬ್ಬರು ದೋಣಿಯಲ್ಲಿ ನಿದ್ದೆ ಮಾಡಿದ್ದನ್ನು. ಯಾರೂ ಒಂದೇ ಉತ್ತರ ಕೊಡಲಿಲ್ಲ.

ಮೂರು ಗುರುತು

ಈಗ ಬರೆಯುವ ವಿಧಾನ. ನಾನು ಮಾಡಿದ್ದನ್ನು ಹೇಳುತ್ತೇನೆ, ನಿಮಗೆ ಬೇರೆ ಒಗ್ಗಬಹುದು.

ನಂಬುತ್ತೇನೆ ಅಂತ ಅಂದುಕೊಂಡಿರುವ ಎಲ್ಲವನ್ನೂ ಒಂದೊಂದೇ ಸಾಲಾಗಿ ಬರೆದೆ. ಸುಮಾರು ನಲವತ್ತು ಸಾಲಾಯಿತು. ಆಮೇಲೆ ಪ್ರತಿ ಸಾಲಿನ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿದೆ. ಇದು ನನ್ನನ್ನು ಹೊತ್ತಿದೆ. ಇದನ್ನು ನಾನು ಹೊತ್ತಿದ್ದೇನೆ. ಇದು ಸಭೆಯದು, ಇನ್ನೂ ನನ್ನದಾಗಿಲ್ಲ.

ಮೊದಲ ಗುರುತು ಹಾಕಲು ಒಂದು ಕಟ್ಟುನಿಟ್ಟು ಇಟ್ಟುಕೊಂಡೆ. ಈ ಸಾಲು ಸುಳ್ಳಾಗಿದ್ದರೆ ನನ್ನ ಬದುಕಿನಲ್ಲಿ ನಾಳೆಯಿಂದಲೇ ಏನಾದರೂ ಬೇರೆಯಾಗುತ್ತದೆಯೇ? ಆಗುವುದಾದರೆ ಮಾತ್ರ ಅದು ನನ್ನನ್ನು ಹೊತ್ತಿದೆ. ಪೌಲ ಇದೇ ಲೆಕ್ಕ ಹಾಕುತ್ತಾನೆ, 1 ಕೊರಿಂಥ 15:14ರಲ್ಲಿ. ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ಪ್ರಸಂಗವೂ ಹುರುಳಿಲ್ಲದ್ದು, ನಿಮ್ಮ ನಂಬಿಕೆಯೂ ಹುರುಳಿಲ್ಲದ್ದು. ಎಷ್ಟು ಧೈರ್ಯ ನೋಡಿ. ಎಲ್ಲಿ ಹೊಡೆದರೆ ತನ್ನ ಮನೆ ಬೀಳುತ್ತದೆ ಅಂತ ಅವನೇ ಬೆರಳಿಟ್ಟು ತೋರಿಸುತ್ತಾನೆ.

ನಲವತ್ತರಲ್ಲಿ ಏಳು ಸಾಲಿಗೆ ಮೊದಲ ಗುರುತು ಬಿತ್ತು. ಹೆಚ್ಚಿನವು ಎರಡನೆಯದು: ಒಪ್ಪುತ್ತೇನೆ, ಕೇಳಿದರೆ ವಾದಿಸುತ್ತೇನೆ, ಆದರೆ ಕಷ್ಟ ಬಂದಾಗ ಅವುಗಳ ಮೇಲೆ ಕಾಲಿಟ್ಟು ನಿಂತಿಲ್ಲ. ಐದಾರು ಸಾಲು ಮೂರನೆಯದು. ಅದರಲ್ಲಿ ಒಂದು, ನನಗೇ ಆಶ್ಚರ್ಯವಾಗುವಂತೆ, "ಪಾಪಗಳ ಕ್ಷಮೆಯನ್ನು ನಂಬುತ್ತೇನೆ". ಬೇರೆಯವರ ಪಾಪದ ಕ್ಷಮೆಯಲ್ಲಿ ನನಗೆ ಅನುಮಾನವೇ ಇಲ್ಲ. ನನ್ನದೊಂದು ಹಳೆಯ ತಪ್ಪಿನ ಹತ್ತಿರ ಬಂದಾಗ ಮಾತ್ರ ಆ ಸಾಲು ನಿಂತುಬಿಡುತ್ತದೆ. ಹನ್ನೊಂದು ಪುಟ ಬರೆದಾಗ ಇದು ಗೊತ್ತೇ ಆಗಿರಲಿಲ್ಲ. ಕ್ಷಮೆಯ ಬಗ್ಗೆ ಒಂದೂವರೆ ಪುಟ ಬರೆದಿದ್ದೆ!

ಮೂರನೆಯ ಗುರುತಿನ ಸಾಲುಗಳನ್ನು ಏನು ಮಾಡಬೇಕು? ಅಳಿಸಬೇಕು ಅಂತ ಗುಂಪಿನಲ್ಲಿ ಕೆಲವರು ಅಂದರು, ಇಲ್ಲದಿದ್ದರೆ ಕಪಟ ಆಗುತ್ತದೆ ಅಂತ. ನಾನು ಒಪ್ಪಲಿಲ್ಲ. ನೈಸಿಯದ ಮೂಲ ಪಾಠ ಶುರುವಾಗುವುದು "ನಂಬುತ್ತೇವೆ" ಅಂತ, ಬಹುವಚನದಲ್ಲಿ. ನನ್ನ ಬಾಯಲ್ಲಿ ನಿಲ್ಲದ ಸಾಲನ್ನು ಪಕ್ಕದವರು ಹೇಳುತ್ತಿರುತ್ತಾರೆ, ಅವರಿಗೆ ಭಾರವಾದದ್ದನ್ನು ನಾನು ಹೇಳುತ್ತಿರುತ್ತೇನೆ. ಹಾಗಾಗಿ ಅಂಥ ಸಾಲುಗಳನ್ನು "ನಾವು" ಅಂತ ಬರೆದೆ, ಉಳಿದವನ್ನು "ನಾನು" ಅಂತ. ಪುಟದಲ್ಲಿ ಎರಡೂ ಇವೆ. ಓದುವವರಿಗೆ ವ್ಯಾಕರಣದ ತಪ್ಪು ಅನ್ನಿಸಬಹುದು, ಅನ್ನಿಸಲಿ.

ಮಾರ್ಥಳ ಎರಡು ಮಾತು

ಸ್ವಂತ ಅರಿಕೆಗೆ ಸತ್ಯವೇದದಲ್ಲಿ ಉದಾಹರಣೆ ಕೇಳಿದರೆ ಎಲ್ಲರೂ ಪೇತ್ರನನ್ನು ಹೇಳುತ್ತಾರೆ. ನೀನು ಕ್ರಿಸ್ತನು ಅಂದವನು. ಮಾರ್ಕ 8ನೇ ಅಧ್ಯಾಯವನ್ನು ಇನ್ನೂ ನಾಲ್ಕು ವಚನ ಮುಂದೆ ಓದಿದರೆ ಅದೇ ಪೇತ್ರನಿಗೆ ಬೈಗುಳ ಬೀಳುತ್ತದೆ. ಪದ ಸರಿಯಿತ್ತು, ಅದರೊಳಗೆ ಶಿಲುಬೆ ಇರಲಿಲ್ಲ.

ನನಗೆ ಅವನಿಗಿಂತ ಮಾರ್ಥಳು ಇಷ್ಟ. ಯೋಹಾನ 11:27. ಅವಳ ತಮ್ಮ ಲಾಜರ ಸತ್ತು ನಾಲ್ಕು ದಿನ. ದಾರಿಯಲ್ಲೇ ಯೇಸುವನ್ನು ಎದುರುಗೊಂಡು ಹೇಳುತ್ತಾಳೆ: ಹೌದು ಸ್ವಾಮೀ, ಲೋಕಕ್ಕೆ ಬರಬೇಕಾದ ಕ್ರಿಸ್ತನು, ದೇವಕುಮಾರನು ನೀನೇ ಎಂದು ನಂಬಿದ್ದೇನೆ. ನಾಲ್ಕು ಸುವಾರ್ತೆಗಳಲ್ಲೂ ಇದಕ್ಕಿಂತ ತುಂಬಿದ ಅರಿಕೆ ಸಿಗುವುದು ಕಷ್ಟ. ಹನ್ನೆರಡು ವಚನ ದಾಟಿ ಬನ್ನಿ. ಸಮಾಧಿಯ ಮುಂದೆ ಯೇಸು ಕಲ್ಲು ತೆಗೆಯಿರಿ ಅನ್ನುತ್ತಾನೆ. ಅದೇ ಮಾರ್ಥಳು: ಸ್ವಾಮೀ, ನಾಲ್ಕು ದಿನವಾಯಿತು, ಈಗ ನಾತ ಬಂದಿರುತ್ತದೆ.

ಇದನ್ನು ಅಪನಂಬಿಕೆ ಅಂತ ಬೈಯುವ ಪ್ರಸಂಗಗಳನ್ನು ಕೇಳಿದ್ದೇನೆ. ನನಗೆ ಹಾಗೆ ಕಾಣುವುದಿಲ್ಲ. ದಾರಿಯಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತು ಇನ್ನೂ ಅವಳ ಮೂಗಿನವರೆಗೆ ಬಂದಿರಲಿಲ್ಲ. ಯೇಸು ಅವಳ ಅರಿಕೆಯನ್ನು ತಳ್ಳಿಹಾಕುವುದಿಲ್ಲ, ನಂಬಿದರೆ ದೇವರ ಮಹಿಮೆಯನ್ನು ಕಾಣುವೆ ಎಂದು ನಿನಗೆ ಹೇಳಲಿಲ್ಲವೇ ಅಂತ ನೆನಪು ಮಾಡುತ್ತಾನೆ, ಅಷ್ಟೇ. ಆಮೇಲೆ ಕಲ್ಲು ತೆಗೆಯುತ್ತಾರೆ.

ಹಾಗಾಗಿ ಬರೆದ ಪ್ರತಿ ಸಾಲನ್ನೂ ಒಂದು ಕಲ್ಲಿನ ಮುಂದೆ ಇಟ್ಟು ನೋಡಬೇಕು. "ದೇವರು ನನ್ನ ತಂದೆ, ಬೇಕಾದದ್ದನ್ನು ಕೊಡುತ್ತಾನೆ" ಅನ್ನುವ ಸಾಲನ್ನು ಕೆಲಸ ಕಳೆದುಕೊಂಡ ತಿಂಗಳ ಮುಂದೆ. "ಎಲ್ಲ ಮನುಷ್ಯರೂ ದೇವರ ಹೋಲಿಕೆಯಲ್ಲಿ ಸೃಷ್ಟಿಯಾದವರು" ಅನ್ನುವುದನ್ನು ನನಗೆ ನೋಡಲೂ ಇಷ್ಟವಿಲ್ಲದ ಒಬ್ಬರ ಮುಖದ ಮುಂದೆ. ನಾತ ಬಂದಿರುತ್ತದೆ ಅಂತ ಹೇಳಬೇಕು ಅನ್ನಿಸಿದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ.

ಎರಡು ಎಚ್ಚರಿಕೆ

ಒಂದು, ಎಲ್ಲ ಸಾಲಿಗೂ ಒಂದೇ ತೂಕ ಕೊಡಬೇಡಿ. ಮಕ್ಕಳಿಗೆ ದೀಕ್ಷಾಸ್ನಾನ ಕೊಡಬೇಕೋ ದೊಡ್ಡವರಾದ ಮೇಲೋ, ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತನು ಹೇಗೆ ಇದ್ದಾನೆ, ಇವುಗಳ ಮೇಲೆ ಸಭೆಗಳು ಬೇರೆಯಾಗಿವೆ. ಸಣ್ಣ ವಿಷಯಗಳಲ್ಲ, ನಿಮ್ಮ ನಿಲುವನ್ನು ಬರೆಯಿರಿ. ಆದರೆ ಪುನರುತ್ಥಾನದ ಸಾಲಿನ ಪಕ್ಕಕ್ಕೇ ತಂದು ಕೂರಿಸಬೇಡಿ. ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಯಾವಾಗ, ಸೃಷ್ಟಿಯ ದಿನಗಳು ಎಷ್ಟು ಗಂಟೆಯವು ಅನ್ನುವುದಕ್ಕೆ ಹಾಳೆಯ ಹಿಂಬದಿ ಸಾಕು. ರೋಮಾಪುರದವರಿಗೆ 14ರಲ್ಲಿ ಊಟದ, ಹಬ್ಬದ ದಿನಗಳ ಜಗಳಕ್ಕೆ ಪೌಲ ತೀರ್ಪು ಕೊಡುವುದಿಲ್ಲ, ಒಬ್ಬೊಬ್ಬನು ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ ಅಂತ ಬಿಟ್ಟುಬಿಡುತ್ತಾನೆ. ನನ್ನ ಹನ್ನೊಂದು ಪುಟದಲ್ಲಿ ಎರಡು ಪುಟ ಕಡೇ ದಿನಗಳದ್ದೇ ಇತ್ತು, ನಾಚಿಕೆಯಾಗುತ್ತದೆ.

ಇನ್ನೊಂದು, ಸಭೆಯ ಒಳಗೆ ಮಾತ್ರ ಓಡುವ ಪದಗಳು. ಕೃಪೆ, ವಿಮೋಚನೆ, ನೀತಿವಂತರೆಂಬ ನಿರ್ಣಯ, ಪ್ರಾಯಶ್ಚಿತ್ತ. ಇವು ಒಳ್ಳೆಯ ಪದಗಳು, ಬಳಸಿ. ಆದರೆ ಮೊದಲು ಅವಿಲ್ಲದೆ ಒಂದು ಸಲ ಹೇಳಿ ನೋಡಿ. ಕೃಪೆ ಅನ್ನದೆ ಕೃಪೆಯನ್ನು ಹೇಳಲು ನನಗೆ ಒಂದು ವಾರ ಹಿಡಿಯಿತು. ಕೊನೆಗೆ ಬಂದದ್ದು: "ನಾನು ತಿರುಗಿ ನೋಡುವ ಮೊದಲೇ ದೇವರು ನನ್ನ ಕಡೆ ಹೊರಟಿದ್ದನು." ಪೂರ್ತಿ ಅರ್ಥ ಇದರಲ್ಲಿ ಬರುವುದಿಲ್ಲ ನಿಜ. ಆದರೆ ಇದನ್ನು ಸಭೆಗೆ ಬಾರದ ಗೆಳೆಯನಿಗೆ ಹೇಳಿದಾಗ ಅವನು ತಲೆಯಾಡಿಸಿ ಸುಮ್ಮನಾಗಲಿಲ್ಲ, "ಯಾಕೆ?" ಅಂತ ಕೇಳಿದ. 1 ಪೇತ್ರ 3:15 ನೆನಪಾಯಿತು. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಸಾತ್ವಿಕತ್ವದಿಂದ. ಕೇಳುವ ಹಾಗೆ ಹೇಳಿದರೆ ತಾನೇ ಕೇಳುತ್ತಾರೆ.

ಈಗಿರುವ ಪುಟ

ಹಿರಿಯರಿಗೆ ಕೊನೆಗೆ ಕೊಟ್ಟದ್ದು ಇದು. ಮಾದರಿ ಅಂತ ಅಲ್ಲ, ಬೇರೆಯವರದ್ದು ನೋಡಿದರೆ ಬರೆಯಲು ಧೈರ್ಯ ಬರುತ್ತದೆ ಅಂತ ಹಾಕುತ್ತಿದ್ದೇನೆ.

"ಒಬ್ಬನೇ ದೇವರನ್ನು ನಂಬಿದ್ದೇನೆ. ನನ್ನನ್ನು ಕೇಳದೆ ನನ್ನನ್ನು ಉಂಟುಮಾಡಿದವನು, ಉಂಟುಮಾಡಿ ಕೈಬಿಡದವನು.

ಯೇಸುವೇ ಕರ್ತನು. ಆದ್ದರಿಂದ ನನ್ನ ಭಯ ನನ್ನ ಕರ್ತನಲ್ಲ.

ಯಾರೂ ಕೂರಲೊಪ್ಪದವರ ಜೊತೆ ಆತನು ಊಟಕ್ಕೆ ಕೂತನು. ಪಿಲಾತನ ಕಾಲದಲ್ಲಿ ಸತ್ತನು, ನನ್ನ ಪಾಪಗಳಿಗಾಗಿಯೂ. ಸಮಾಧಿ ಆತನನ್ನು ಇಟ್ಟುಕೊಳ್ಳಲಾಗಲಿಲ್ಲ. ಇದು ಸುಳ್ಳಾದರೆ ಈ ಪುಟ ಸುಳ್ಳು.

ಪವಿತ್ರಾತ್ಮನನ್ನೂ ನಂಬಿದ್ದೇನೆ.

ನಾವು ಪಾಪಗಳ ಕ್ಷಮೆಯನ್ನು ನಂಬುತ್ತೇವೆ. ನಾವು ದೇಹದ ಪುನರುತ್ಥಾನವನ್ನು ನಂಬುತ್ತೇವೆ."

ಪವಿತ್ರಾತ್ಮನ ಸಾಲು 325ರಲ್ಲಿ ನಿಂತ ಕಡೆಯೇ ನಿಂತಿದೆ, ನೋಡಿದಿರಾ. ಹಿರಿಯರು ಓದಿದರು. ಕೊನೆಯ ಎರಡು ಸಾಲಿನ "ನಾವು" ಮೇಲೆ ಬೆರಳಿಟ್ಟರು. ಯಾಕೆ ಅಂತ ಕೇಳುತ್ತಾರೆ ಅಂದುಕೊಂಡೆ, ಕೇಳಲಿಲ್ಲ. ಪೆನ್ನು ತೆಗೆದು ಕ್ಷಮೆಯ ಸಾಲಿನ ಪಕ್ಕ ತಮ್ಮ ಹೆಸರಿನ ಮೊದಲ ಅಕ್ಷರ ಬರೆದು, ಕಾಗದವನ್ನು ನನ್ನ ಕೈಗೆ ಕೊಟ್ಟರು.